ಪಲ್ಯದ ಮಡಿ, ಅರ್ಧ ಹೊಲಿದ ಕೌದಿ

ನನ್ನ ಹೆಂಡತಿಯ ತವರು ಗಜೇಂದ್ರಗಡ. ಮನೆಯ ಪಡಸಾಲೆಯಲ್ಲಿ ಎರಡು ಕೈಮಗ್ಗ, ಬೆಳಗಾದರೆ ಲಾಳಿಯ ಸಪ್ಪಳ. ಅದರ ನಡುವೆಯೇ ಬೆಳೆದವಳು. ನನ್ನನ್ನು ಮದುವೆಯಾಗಿ ನರೇಗಲ್ಲಿಗೆ ಬಂದ ಮೇಲೆ ಮಗ್ಗ ತಪ್ಪಿತು, ಕೈ ಮಾತ್ರ ಸುಮ್ಮನೆ ಕೂಡಲಿಲ್ಲ. ಸೀರೆಯ ಸೆರಗಿಗೆ ಕಸೂತಿ ಹಾಕುತ್ತಿದ್ದಳು, ಓಣಿಯಲ್ಲಿ ಯಾರಿಗೆ ಕೂಸು ಹುಟ್ಟಿದರೂ ತಲೆಗೆ ಕುಲಾಯಿ ಹೊಲಿದು ಕೊಡುತ್ತಿದ್ದಳು. ಬೇಸಿಗೆ ಬಂತೆಂದರೆ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿನ ತನಕ ಹೊಲಿಯುವುದು. ಹೊಲಿಗೆಯ ಸಾಲು ಎಷ್ಟು ನೆಟ್ಟಗಿರುತ್ತಿತ್ತೆಂದರೆ ಮಷಿನ್ನಿನಲ್ಲಿ ಹಾಕಿದ್ದೇನು ಎಂದು ಬಂದವರು ಕೇಳುತ್ತಿದ್ದರು. ಆಗ ಅವಳಿಗೆ ಸಿಟ್ಟು ಬರುತ್ತಿತ್ತು. ನಾನು ಪ್ರಾಥಮಿಕ ಶಾಲೆಯ ಮಾಸ್ತರ. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ನಾವಿಬ್ಬರೇ.

ನಾನು ನಿವೃತ್ತನಾದ ವರ್ಷ ಅವಳಿಗೆ ಸೂಜಿಗೆ ದಾರ ಪೋಣಿಸಲು ಆಗದಾಯಿತು. ಚಸ್ಮಾದ ನಂಬರು ಬದಲಾಗಿರಬೇಕೆಂದು ಗದಗಿಗೆ ಹೋಗಿ ಹೊಸದು ಮಾಡಿಸಿದೆವು. ಆಮೇಲೆ ಅವಳು ತರುವ ಚಹಾದ ಬಸಿ ಕಪ್ಪಿನ ಕೆಳಗೆ ಕಟಕಟ ಅನ್ನತೊಡಗಿತು. ಒಂದು ದಿನ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಇರಲಿಲ್ಲ. ಯಾಕೆಂದು ಕೇಳಿದೆ.

"ರಂಗೋಲಿ ಪುಡಿ ಮುಗದೈತ್ರಿ" ಅಂದಳು.

ಡಬ್ಬಿ ತುಂಬಿತ್ತು. ನಾನು ನೋಡಿದ್ದೆ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಡಾಕ್ಟರು ಅವಳ ಕೈಗೆ ಪೆನ್ನು ಕೊಟ್ಟು, ಹಾಳೆಯ ಮೇಲೆ ನಡುವಿನಿಂದ ಹೊರಗೆ ಸುರುಳಿ ಸುತ್ತಲು ಹೇಳಿದರು. ಕಸೂತಿಯಲ್ಲಿ ಗೋಪುರ ಎಬ್ಬಿಸಿದ ಕೈ ಅದು. ಸುರುಳಿ ಹಲ್ಲು ಹಲ್ಲಾಗಿ ಬಂತು. ಅವಳು ಪೆನ್ನು ಕೆಳಗಿಟ್ಟು ಸೆರಗಿನಲ್ಲಿ ಕೈ ಮುಚ್ಚಿಕೊಂಡಳು.

"ಮಿದುಳಿನ ಜಡ್ಡು ಇದು" ಎಂದರು ಡಾಕ್ಟರು. "ಪೂರ್ತಿ ಹೋಗೋದಲ್ಲ. ಗುಳಿಗಿ ತಗೋರಿ, ಸ್ವಲ್ಪ ವರ್ಷ ಹಿಡಿದು ನಿಲ್ಲಸ್ತಾವು. ಕೈ ಮಾತ್ರ ಖಾಲಿ ಬಿಡಬ್ಯಾಡ್ರಿ. ಏನಾದ್ರೂ ಕೆಲಸ ಹಚ್ಚಿರ್ರಿ."

ಬಸ್ಸಿನಲ್ಲಿ ಬರುವಾಗ, ಗದಗ ದಾಟಿದ ಮೇಲೆ, "ಹೋಗೂದಲ್ಲ ಅಂದ್ರ, ನಾ ಹೋಗೂತನಕ ಇರತೈತಿ ಅಂತ ಅಲ್ರಿ?" ಎಂದು ಕೇಳಿದಳು. ನಾನು ಕಂಡಕ್ಟರನ ಹತ್ತಿರ ಏನೋ ಕೇಳುವುದಿದೆ ಎಂಬಂತೆ ಎದ್ದು ಮುಂದೆ ಹೋದೆ.

ನಮ್ಮ ಮನೆಗೆ ಹಿತ್ತಲಿಲ್ಲ. ಹಿಂದಿನ ಗೋಡೆಯೇ ಇನ್ನೊಬ್ಬರ ಗೋಡೆ. ಊರ ಹೊರಗೆ ಉಳ್ಳಾಗಡ್ಡಿ ಬೆಳೆಯುವ ಸಾಹೇಬರೊಬ್ಬರು ನನಗೆ ಹಳೆಯ ಪರಿಚಯ. ಅವರ ಮನೆಯ ಮಕ್ಕಳೆಲ್ಲ ನನ್ನ ಕೈಯಲ್ಲಿ ಕಲಿತವರು. ಅವರ ಹೊಲದ ಬಾವಿಗೂ ಬೇವಿನ ಮರಕ್ಕೂ ನಡುವೆ ಒಂದು ಮೂಲೆ ಉಳದೆ ಪಡ ಬಿದ್ದಿತ್ತು. ಡಾಕ್ಟರು ಹೇಳಿದ ಮಾತನ್ನು ನಾನು ಅವರ ಮುಂದೆ ಆಡಿದಾಗ ಅವರೇ ಕರೆದುಕೊಂಡು ಹೋಗಿ ತೋರಿಸಿದರು.

"ಇಲ್ಲಿ ಎತ್ತೂ ತಿರುಗಂಗಿಲ್ಲ, ಟ್ರ್ಯಾಕ್ಟರೂ ತಿರುಗಂಗಿಲ್ಲ. ನನಗ ಇದರಿಂದ ಏನೂ ಉಪಯೋಗಿಲ್ಲ ಮಾಸ್ತರ್ರ. ಅಕ್ಕಾರು ಏನರ ಪಲ್ಯ ಹಚ್ಚಲಿ. ನೀರು ಬಾವ್ಯಾಗ ಐತಿ."

"ಎಷ್ಟು ಕೊಡೂದ್ರಿ?" ಅಂದೆ.

"ಒಂದ ಸೂಡು ಮೆಂತೆ ಕೊಡ್ರಿ, ಬೆಳದ ಮ್ಯಾಲ."

ಮೊದಲ ಮುಂಗಾರಿನ ಮಳೆ ಬಿದ್ದ ಮೇಲೆ ಹೋದೆವು. ಎರೆ ಮಣ್ಣು ಕಾಲಿಗೆ ಅಂಟಿ ಚಪ್ಪಲಿ ಮಣಭಾರವಾಯಿತು. ನನಗೆ ಒಕ್ಕಲುತನ ಬಾರದು. ಪಾಠದಲ್ಲಿ ಬಂದಷ್ಟನ್ನು ಮಕ್ಕಳಿಗೆ ಹೇಳಿದ್ದೆ, ಅಷ್ಟೇ. ಅವಳೇ ಬದುವಿನ ಮೇಲೆ ನಿಂತು ಹೇಳಿದಳು, ನಾನು ಸಲಿಕೆ ಹಿಡಿದು ಮಡಿ ಮಾಡಿದೆ. ನಾಲ್ಕು ಸಣ್ಣ ಸೊಪ್ಪಿನ ಮಡಿ: ಮೆಂತೆ, ರಾಜಗಿರಿ, ಹಕ್ಕರಕಿ, ಪುಂಡಿ. ಬೀಜ ಚೆಲ್ಲುವುದು ತನ್ನ ಕೆಲಸ ಅಂದಳು. ಉಡಿಯಲ್ಲಿ ಬೀಜ ಹಾಕಿಕೊಂಡು ಬಗ್ಗಿದಾಗ ಮುಷ್ಟಿ ನಡುಗುತ್ತಿತ್ತು. ಬೀಜ ಬೆರಳ ಸಂದಿನಿಂದ ತಾವಾಗಿಯೇ ಉದುರುತ್ತಿದ್ದವು.

ದೂರದಲ್ಲಿ ನಿಂತು ನೋಡುತ್ತಿದ್ದ ಸಾಹೇಬರು ನಕ್ಕರು. "ಬೇಶ್ ಅಕ್ಕಾರ! ಬೀಜ ಚೆಲ್ಲಾಕ ಇಂಥ ಕೈನ ಬೇಕ ನೋಡ್ರಿ. ನಮ್ಮಂದಿ ಗುಡ್ಡಿ ಗುಡ್ಡಿ ಚೆಲ್ಲತಾರ."

ಅವಳು ನಕ್ಕಳು. ದವಾಖಾನೆಯಿಂದ ಬಂದ ಮೇಲೆ ಅದೇ ಮೊದಲು.

ಮೆಂತೆ ಒಂದೇ ಸಮನಾಗಿ ಹುಟ್ಟಿತು, ನಡುಗುವ ಕೈ ಚೆಲ್ಲಿದ್ದೆಂದು ಯಾರೂ ಹೇಳುವಂತಿರಲಿಲ್ಲ. ನಾಲ್ಕು ದಿನ ಅವಳು ಅದನ್ನೇ ಹೇಳಿದಳು. ನಾನೂ ಹುಚ್ಚನ ಹಾಗೆ ಡಾಕ್ಟರ ಮಾತನ್ನು ಸ್ವಲ್ಪ ಮರೆತೆ. ಆದರೆ ರಾಜಗಿರಿ ಒತ್ತಾಗಿ ಬಂತು, ನಡುನಡುವೆ ಕಿತ್ತು ತೆಳುವು ಮಾಡಬೇಕಿತ್ತು. ಎರಡು ಎಳೆ ಸಸಿಗಳ ನಡುವಿನದನ್ನು ಮಾತ್ರ ಹಿಡಿದು ಎಳೆಯುವುದು ಅವಳ ಬೆರಳುಗಳಿಂದ ಆಗಲಿಲ್ಲ. ಹಿಡಿದದ್ದೆಲ್ಲ ಮುದ್ದೆಯಾಗಿ ಕಿತ್ತು ಬರುತ್ತಿತ್ತು. ಮಡಿಯ ಒಂದು ಬದಿ ಬೋಳಾಯಿತು. "ಆಡು ಮೇದಂಗ ಆತಲ್ರಿ" ಅಂದಳು. ಮರುದಿನದಿಂದ ಆ ಮಡಿಯ ಕಡೆಗೆ ಬೆನ್ನು ಮಾಡಿ ಕೂತಳು.

ಕೂತು ಕೌದಿ ಹೊಲಿಯುತ್ತಿದ್ದಳು. ಬೇವಿನ ಕೆಳಗೆ ಗೋಣಿತಟ್ಟು ಹಾಸಿ, ಮನೆಯಿಂದ ತಂದ ಗಂಟು ಬಿಚ್ಚಿ, ನಾನು ದಾರ ಪೋಣಿಸಿ ಕೊಟ್ಟ ಸೂಜಿಗಳನ್ನು ಒಂದು ಚಿಂದಿಗೆ ಚುಚ್ಚಿಟ್ಟುಕೊಂಡು. ಕಸೂತಿ ಬಿಟ್ಟಾಗಿತ್ತು, ಅದು ಎಳೆ ಎಣಿಸಿ ಹಾಕುವಂಥದು. ಕೌದಿಯ ಹೊಲಿಗೆ ದಪ್ಪ, ಅದಾದರೂ ಆಗುತ್ತದೆ ಎಂದಿದ್ದಳು. ತನ್ನ ಅವ್ವನ ಎರಡು ಸೀರೆ ಒಳಗೆ ಹಾಕಿದ್ದಳು. ಸಾಲುಗಳು ಮೇಲೆ ಕೆಳಗೆ ಹೋಗುತ್ತಿದ್ದವು. ಅವಳು ಬಿಚ್ಚುವಳು, ಮತ್ತೆ ಹಾಕುವಳು. ನಾನು ಕುರ್ಪಿ ಹಿಡಿದು ಕಳೆ ತೆಗೆಯುತ್ತ ಅವಳ ಕಡೆ ನೋಡದಂತೆ ಇರುತ್ತಿದ್ದೆ.

ಶ್ರಾವಣದಲ್ಲಿ ಪಂಚಮಿಗೆ ತವರಿಗೆ ಹೋಗಲಿಲ್ಲ. ಮದುವೆಯಾದಾಗಿನಿಂದ ತಪ್ಪಿಸಿರಲಿಲ್ಲ. "ಅಲ್ಲಿ ಎಲ್ಲಾರೂ ಕೈನ ನೋಡ್ತಾರ" ಅಂದಳು. ಅದಕ್ಕೆ ಅವಳ ತಂಗಿಯೇ ಹಬ್ಬದ ಉಂಡಿ ಕಟ್ಟಿಕೊಂಡು ಬಂದಳು. ಅದೇ ತವರುಮನೆಯ ಮಗ್ಗದಲ್ಲಿ ಇಂದಿಗೂ ಸೀರೆ ನೇಯುವವಳು, ಅಕ್ಕನೆಂದರೆ ಜೀವ. ಹೊಲಕ್ಕೂ ಬಂದಳು. ಮಧ್ಯಾಹ್ನ ಗುಳಿಗೆ ತೆಗೆದುಕೊಂಡ ಮೇಲೆ ನನ್ನ ಹೆಂಡತಿಗೆ ಜೋಂಪು ಹತ್ತುತ್ತಿತ್ತು. ಬೇವಿನ ಕೆಳಗೆ ಅಡ್ಡಾದಳು. ನಾನು ಬಾವಿಯ ಕಡೆ ಇದ್ದೆ. ತಿರುಗಿ ಬಂದಾಗ ತಂಗಿ ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಸೊಟ್ಟಗಿದ್ದ ಎರಡು ಸಾಲು ಬಿಚ್ಚಿ, ನೆಟ್ಟಗೆ ಹೊಲಿದು ಮುಗಿಸಿದ್ದಳು. ಒಳ್ಳೆಯದಕ್ಕೇ ಮಾಡಿದ್ದು.

ಅಕ್ಕ ಎದ್ದಳು. ಕೌದಿಯನ್ನು ಹತ್ತಿರ ಎಳೆದುಕೊಂಡು ಸಾಲಿನ ಮೇಲೆ ಬೆರಳಾಡಿಸಿದಳು. ಕಣ್ಣಿಂದ ನೋಡುವ ಮೊದಲೇ ಗೊತ್ತಾಗಿತ್ತು.

"ಇದ್ಯಾರು ಹಾಕ್ಯಾರ?"

"ನಾನ ಅಕ್ಕಾ. ಸುಮ್ನ ಕೂತಿದ್ದೆ, ಅದಕ್ಕ..."

"ಇದು ನಿನ್ನ ಕೈ. ನನ್ನ ಕೈ ಎಲ್ಲೈತಿ ಇದರಾಗ?"

"ಸೊಟ್ಟ ಆಗಿತ್ತಲ್ಲಕ್ಕಾ, ಒಂದೀಟ ನೆಟ್ಟಗ..."

"ಸೊಟ್ಟರ ಇರಲಿ! ನಂದು ಅಂತ ಇರ್ತಿತ್ತು!"

ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕತ್ತರಿ ತೆಗೆದುಕೊಂಡು ಆ ಎರಡು ಸಾಲನ್ನು ಕತ್ತರಿಸಲು ಹೋದಳು. ಕತ್ತರಿ ಜಾರಿ ಕೆಳಗಿನ ಸೀರೆ, ಅವರ ಅವ್ವನದು, ಗೇಣಷ್ಟು ಹರಿಯಿತು. ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನನ್ನ ಹೆಂಡತಿ ಅಳಲಿಲ್ಲ. ಕೌದಿಯನ್ನು ಸೂಜಿಯ ಸಮೇತ ಮಡಚಿ ಗಂಟು ಕಟ್ಟಿದಳು. ಅದನ್ನು ಮತ್ತೆ ಬಿಚ್ಚಲಿಲ್ಲ.

ತಂಗಿ ಊರಿಗೆ ಹೋಗಿ ಎಂಟು ದಿನಕ್ಕೆ ಬಸ್ಸಿನಲ್ಲಿ ಒಂದು ಚೀಲ ಕಳಿಸಿದಳು. ಸೀರೆ ನೇಯ್ದು ಮುಗಿದ ಮೇಲೆ ಮಗ್ಗದ ತುದಿಯಲ್ಲಿ ಉಳಿಯುವ ನೂಲು, ಬಣ್ಣ ಬಣ್ಣದ್ದು. ಏನಕ್ಕೆಂದು ಹೇಳಿರಲಿಲ್ಲ. ನನ್ನ ಹೆಂಡತಿ ಎರಡು ದಿನ ಚೀಲ ಮುಟ್ಟಲಿಲ್ಲ. ಮೂರನೆಯ ದಿನ ನಾನು ಸ್ನಾನ ಮಾಡಿ ಬಂದಾಗ ಕಾಲು ಚಾಚಿ ಕೂತು, ನೂಲನ್ನು ತೊಡೆಯ ಮೇಲೆ ಉಜ್ಜಿ ಹುರಿ ಮಾಡುತ್ತಿದ್ದಳು. ಅಂಗೈಯಿಂದ ಮಾಡುವ ಕೆಲಸ, ಬೆರಳ ನಾಜೂಕು ಬೇಡ. ಸಿಕ್ಕು ಸಿಕ್ಕಾಗಿ, ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆ, ಆದರೂ ಹುರಿ ಹುರಿಯೇ. ಮುಂದೆ ಹಿಂಗಾರಿಗೆ ಅವರೆ ಹಾಕಿದೆವು. ತೊಗರಿ ಕಟ್ಟಿಗೆ ನೆಟ್ಟು, ಅವಳ ಹುರಿಯಿಂದ ಹಂದರ ಕಟ್ಟಿದೆ. ಕೆಂಪು, ಹಸಿರು, ಹಳದಿ ದಾರಗಳ ಮೇಲೆ ಅವರೆ ಬಳ್ಳಿ ಹಬ್ಬಿತು. ರೋಣದ ಕಡೆಗೆ ಹೋಗುವ ಬಸ್ಸಿನ ಮಂದಿ ಕಿಟಕಿಯಿಂದ ನೋಡಿಕೊಂಡು ಹೋಗುತ್ತಿದ್ದರು.

ಎಳ್ಳಮವಾಸ್ಯೆಗೆ ಚರಗ ಚೆಲ್ಲಬೇಕು ಎಂದಳು. ಭೂಮಿಗೆ ಎಡೆ ಮಾಡಿ ಹೊಲದ ತುಂಬ ಚೆಲ್ಲುವುದು ಒಕ್ಕಲು ಮನೆಗಳ ಹಬ್ಬ. ನಾವು ಹೊಲ ಇಲ್ಲದವರು, ಎಂದೂ ಮಾಡಿರಲಿಲ್ಲ. ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಬದನೆಕಾಯಿ ಪಲ್ಯ. ಅವಳು ಹೇಳಿದಂತೆ ನಾನು ಮಾಡಿದೆ. ರೊಟ್ಟಿ ದುಂಡಗಾಗಲಿಲ್ಲ. ಬುತ್ತಿಯ ಬುಟ್ಟಿಯನ್ನು ಅವಳು ತಲೆಯ ಮೇಲೆ ಹೊರಲಾರಳು, ಹೀಗಾಗಿ ನಾನೇ ಹೊತ್ತೆ. ಸಾಹೇಬರು ದಾರಿಯಲ್ಲಿ ಸಿಕ್ಕು, "ಮಾಸ್ತರ್ರ, ಸಾಲಿ ಮಕ್ಕಳು ನೋಡಿದ್ರ ಏನಂತಾರ?" ಎಂದು ಚೇಷ್ಟೆ ಮಾಡಿದರು. ಅವರನ್ನೂ ಊಟಕ್ಕೆ ಕೂಡಿಸಿದೆವು. ಅವಳು ಮಡಿಗಳ ಸುತ್ತ ನಡೆದು ಚರಗ ಚೆಲ್ಲಿದಳು. ಚರಗದ ಕೂಗು ಹಾಕಲು ಹೋದಳು, ಧ್ವನಿ ಬರಲಿಲ್ಲ. ಆಗಲೇ ಧ್ವನಿ ಸಣ್ಣದಾಗತೊಡಗಿತ್ತು. ಅವಳ ಪರವಾಗಿ ನಾನು ಕೂಗಿದೆ. ಆ ದಿನ ಚಲೋ ದಿನ. ಅಂಥದು ಆಮೇಲೆ ಬರಲಿಲ್ಲ, ಆದ್ದರಿಂದ ಇಷ್ಟು ಬರೆದೆ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಅವರೆ ಬಳ್ಳಿ ಒಣಗಿತು. ಬಾವಿಯ ನೀರು ತಳ ಕಂಡಿತು; ಸಾಹೇಬರು ಈ ಬಾವಿ ಬತ್ತುವುದಿಲ್ಲ ಎಂದಿದ್ದರು, ಬತ್ತಿತು. ಅವರ ಗಿಡಗಳಿಗೇ ಸಾಲದಾಗ ನಾವು ಕೇಳುವುದು ಹೇಗೆ? ಮನೆಯಿಂದ ಕೊಡದಲ್ಲಿ ನೀರು ಒಯ್ದು ಪುಂಡಿ ಒಂದನ್ನು ಉಳಿಸಲು ನೋಡಿದೆವು. ಆ ದಿನಗಳಲ್ಲಿ ಅವಳಿಗೆ ಹೊಸದೊಂದು ಶುರುವಾಗಿತ್ತು. ನಡೆಯುತ್ತಿರುವಾಗಲೇ ಕಾಲು ನೆಲಕ್ಕೆ ಅಂಟಿದಂತಾಗಿ ನಿಂತುಬಿಡುವಳು. ಮುಂದೆ ಹೋಗಬೇಕೆಂದು ಮೈ ಬಗ್ಗುವುದು, ಕಾಲು ಏಳದು.

ಬದು ದಾಟುವಾಗ ಹಾಗಾಯಿತು. ನಾನು ಕೊಡ ಹಿಡಿದು ಮುಂದಿದ್ದೆ. "ರೀ" ಅಂದಳು, ಅಷ್ಟೇ. ತಿರುಗುವುದರೊಳಗೆ ಬಿದ್ದಿದ್ದಳು. ಬಿಸಿಲಿಗೆ ಎರೆ ಮಣ್ಣು ಬಿರಿದು ಕಲ್ಲಿನ ಹೆಂಟೆಯಾಗಿರುತ್ತದೆ. ಬಲಗೈ ಮಣಿಕಟ್ಟು ಮುರಿಯಿತು. ಸಾಹೇಬರ ಗಾಡಿಯಲ್ಲಿ ಗದಗಿಗೆ ಒಯ್ದೆವು. ದಾರಿಯುದ್ದಕ್ಕೂ ಅವಳು ಮುರಿದ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು, ಎರಡೂ ಕೂಡಿ ನಡುಗುತ್ತಿದ್ದವು.

ಪಟ್ಟಿ ಬಿಚ್ಚಿದಾಗ ಎಲುಬು ಕೂಡಿತ್ತು, ಬೆರಳು ಮಡಚಲು ಬರಲಿಲ್ಲ. ಹುರಿ ಹೊಸೆಯುವುದೂ ಹೋಯಿತು. ದೇವರ ದೀಪಕ್ಕೆ ಹತ್ತಿಯ ಬತ್ತಿ ಮಾಡು ಎಂದು ಅರಳೆ ತಂದುಕೊಟ್ಟೆ. ಅದು ಸಣ್ಣ ಹುಡುಗಿಯರೂ ಮಾಡುವ ಕೆಲಸ. ಒಂದು ಮಧ್ಯಾಹ್ನವೆಲ್ಲ ಕೂತು ಆರೇಳು ಬತ್ತಿ ಮಾಡಿದಳು. ಅವನ್ನು ದೀಪಕ್ಕೆ ಹಾಕಿದರೆ ಎಣ್ಣೆಯಲ್ಲಿ ಬಿಚ್ಚಿಕೊಂಡು ತೇಲಿದವು. "ನೀವು ಇಂಥಾ ಕೆಲಸ ಹುಡುಕಿ ಹುಡುಕಿ ತರಬ್ಯಾಡ್ರಿ" ಅಂದಳು. ಸಿಟ್ಟಿನಿಂದ ಅಂದಿದ್ದರೆ ಸಹಿಸಬಹುದಿತ್ತು. ಸುಮ್ಮನೆ ಹೇಳಿದಳು.

ಎರಡನೆಯ ಮುಂಗಾರಿಗೆ ಹೊಲಕ್ಕೆ ನಾನೊಬ್ಬನೇ ಹೋದೆ. ಬೆಳಿಗ್ಗೆ ಅವಳಿಗೆ ಉಣಿಸಿ, ಪಕ್ಕದ ಮನೆಯವರಿಗೆ ಹೇಳಿ ಹೋಗುವುದು, ಬಿಸಿಲೇರುವ ಮೊದಲು ಬರುವುದು. ಮೆಂತೆ ತಂದು ಅವಳ ಮುಂದಿನ ಮೊರದಲ್ಲಿ ಹಾಕುತ್ತಿದ್ದೆ, ಎಲೆ ಬಿಡಿಸಿ ಸೋಸಲಿ ಎಂದು. ಎಡಗೈಯಿಂದ ಎಲೆ ಕೀಳಲು ನೋಡುವಳು. ಎಲೆ, ದಂಟು, ಬೇರು ಎಲ್ಲ ಒಂದೇ ಗುಂಪಿಗೆ ಬೀಳುತ್ತಿದ್ದವು. ಬೇರಿನ ಮಣ್ಣು ಸೀರೆಯ ಮೇಲೆ ಬೀಳುತ್ತಿತ್ತು. ಅವಳ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಜಡ್ಡು ಮುಖದ ಮಾಂಸವನ್ನೂ ಬಿಗಿಯುತ್ತದೆ, ನಗಲು ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಕ್ಕಳೋ, ಬೇಜಾರಾದಳೋ, ಇಷ್ಟು ವರ್ಷ ಸಂಸಾರ ಮಾಡಿದ ನನಗೆ ತಿಳಿಯದಾಯಿತು. ಕೇಳಿದರೆ ಮಾತು ತುಟಿಯಲ್ಲೇ ಉಳಿಯುತ್ತಿತ್ತು. ಕಿವಿಯನ್ನು ಬಾಯಿಯ ಹತ್ತಿರ ಒಯ್ಯಬೇಕು.

ಮಳೆ ಆ ವರ್ಷ ಚೆನ್ನಾಗಿ ಆಯಿತು. ಕೊಣ್ಣೂರಿನ ಸೇತುವೆಯ ಮೇಲೆ ನೀರು ಬಂದು ಬಸ್ಸು ನಿಂತವು ಎಂದು ಟಿವಿಯಲ್ಲಿ ತೋರಿಸಿದರು. ನಮ್ಮ ಮಡಿಗಳೂ ತುಂಬಿ ಬಂದವು. ಇಷ್ಟು ಸೊಗಸಾದ ರಾಜಗಿರಿಯನ್ನು ನಾನು ಕಂಡಿರಲಿಲ್ಲ. ಇಬ್ಬರಿಗೆ ಎಷ್ಟು ಬೇಕು? ಅವಳಿಗೆ ನುಂಗುವುದು ಕಷ್ಟವಾಗಿತ್ತು, ದಂಟಿನ ನಾರು ಗಂಟಲಿಗೆ ಸಿಕ್ಕುತ್ತಿತ್ತು. ಓಣಿಯವರಿಗೆ ಹಂಚಿದೆ, ಉಳಿದದ್ದು ಬೀಜಕ್ಕೆ ಹೋಯಿತು.

ಹಿಂಗಾರಿಗೆ ಅವರೆ ಹಾಕಲು ಬೀಜ ನೆನೆಸಿದ ದಿನ ಅವಳು ನನ್ನ ಧೋತರದ ಚುಂಗು ಹಿಡಿದಳು. ಬಗ್ಗಿ ಕಿವಿ ಕೊಟ್ಟೆ.

"ಸಾಕ್ರಿ" ಅಂದಳು.

"ಏನು ಸಾಕು?"

"ಹೊಲ. ನೀವು ಹೋದ್ರ ನಾ ಒಬ್ಬಾಕಿನ ಆಗ್ತೀನಿ. ಮ್ಯಾಲಿನ ತೊಲಿ ನೋಡಕೋತ ಮಲಗ್ತೀನಿ."

"ನಿನ್ನ ಸಲುವಾಗೆ ಅಲ್ಲೇನು ಹೋಗೂದು?"

"ಇಲ್ರಿ. ನನ್ನ ನೋಡಬಾರದಂತ ಹೋಗ್ತೀರಿ."

ನೆನೆದ ಬೀಜವನ್ನು ಪಲ್ಯ ಮಾಡಿದೆ. ಆ ಸಂಜೆ ಸಾಹೇಬರ ಮನೆಗೆ ಹೋಗಿ, ಮೂಲೆಯನ್ನು ಬಿಟ್ಟುಕೊಡುತ್ತೇನೆ ಎಂದೆ. ಅವರು ಬೇಡ ಅನ್ನಲಿಲ್ಲ. "ಅಕ್ಕಾರು ಹ್ಯಾಂಗದಾರ?" ಎಂದು ಕೇಳಿ, ಚಹಾ ತರಿಸಿದರು. ತೊಗರಿ ಕಟ್ಟಿಗೆಗಳನ್ನು ಕಿತ್ತು ಒಲೆಗೆ ಒಯ್ಯಿರಿ ಎಂದೆ. ಈಗ ಆ ಮೂಲೆಯಲ್ಲಿ ಉಳ್ಳಾಗಡ್ಡಿ ಕೊಯ್ದ ಮೇಲೆ ಚೀಲ ಒಟ್ಟುತ್ತಾರೆ.

ಕೌದಿಯ ಗಂಟನ್ನು ತಂಗಿ ಬಂದಾಗ ಅವಳ ಮುಂದಿಟ್ಟೆ, ನೀನಾದರೂ ಮುಗಿಸು ಎಂದು. ಗಂಟು ಬಿಚ್ಚಿ ನೋಡಿದಳು. ಸೂಜಿಗಳು ತುಕ್ಕು ಹಿಡಿದು ಬಟ್ಟೆಗೆ ಕಲೆಯಾಗಿತ್ತು. "ನನಗ ಆಗಂಗಿಲ್ಲ ಮಾಮಾ" ಎಂದು ಮತ್ತೆ ಕಟ್ಟಿದಳು. ಹೊಲಿಗೆ ಇಲ್ಲದ ಕಡೆ ಪದರಗಳು ಜಾರುತ್ತವೆ, ಹೊದಿಯಲು ಬಾರದು. ಕಪಾಟಿನ ಮೇಲಿದೆ.

ಈಗ ನಾನು ಎಲ್ಲಿಗೂ ಹೋಗುವುದಿಲ್ಲ. ಗಂಜಿ ಕುಡಿಸಲು ಒಂದು ಹೊತ್ತು ಹಿಡಿಯುತ್ತದೆ. ಮಗ್ಗುಲು ಬದಲಾಯಿಸುವುದು, ಬೆನ್ನಿಗೆ ಪುಡಿ ಹಾಕುವುದು, ಕೂದಲು ಬಾಚುವುದು ಕಲಿತಿದ್ದೇನೆ. ತುರುಬು ಕಟ್ಟಲು ಇನ್ನೂ ಬಂದಿಲ್ಲ. ಮೊನ್ನೆ ಬೆಳವಣಕಿಯಿಂದ ದೂರದ ಬಳಗದವರೊಬ್ಬರು ನೋಡಲು ಬಂದಿದ್ದರು. ಅವಳ ಕೈಗಳು ಎದೆಯ ಮೇಲೆ ಮಡಚಿಕೊಂಡು ಅಲುಗಾಡದೆ ಇದ್ದವು. ಜಡ್ಡು ಮುಂದುವರಿದಂತೆ ಮೈ ಸೆಟೆದು, ನಡುಕವೇ ನಿಂತುಹೋಗಿದೆ.

"ಏ, ಚಲೋ ಆತಲ್ರಿ ಮಾಸ್ತರ್ರ" ಅಂದರು ಅವರು. "ಕೈ ನಡಗೂದು ಪೂರ್ತಿ ಕಡಿಮಿ ಆಗೇತಿ. ಗುಳಿಗಿ ಹಿಡದಾವ."

"ಹೌದ್ರಿ" ಅಂದೆ.

ಅವಳು ಕಣ್ಣು ಹೊರಳಿಸಿ ನನ್ನನ್ನು ನೋಡಿದಳು. ಬಂದವರಿಗೆ ಚಹಾ ಮಾಡಿಕೊಟ್ಟೆ. ಅವರು ಲಗೂ ಗುಣವಾಗಲಿ ಎಂದು ಹೇಳಿ, ನಾಲ್ಕು ಬಾಳೆಹಣ್ಣು ಇಟ್ಟು, ಸಂಜೆಯ ಬಸ್ಸಿಗೆ ಹೋದರು. ಒಂದು ಹಣ್ಣನ್ನು ಹಿಚುಕಿ ಹಾಲಿನಲ್ಲಿ ಕಲಸಿದೆ. ಎರಡು ಚಮಚ ನುಂಗಿದಳು. ಮೂರನೆಯದಕ್ಕೆ ಬಾಯಿ ತೆರೆಯಲಿಲ್ಲ.